ಎಲ್ಸಿ ಕಳಿಸಿದ ರಟ್ಟು

ಸಲೈಡಾ, ಕೊಲೊರಾಡೊ
೪ ಫೆಬ್ರವರಿ ೨೦೧೮

ಪ್ರೀತಿಯ ಥೋರಕ್ಕ,

ಫೋನಿನಲ್ಲಿ ನಾವಿಬ್ಬರೂ ಮಾತು ಶುರು ಮಾಡಿದರೆ ಚಳಿ, ಹಿಮದ ವಿಷಯ ಮುಗಿಯುವುದರೊಳಗೆ ಜಗಳಕ್ಕೆ ನಿಂತಿರುತ್ತೇವೆ. ಅದಕ್ಕೇ ಈ ಕಾಗದ. ಅದೂ ಅಲ್ಲದೆ ಇದರ ಜೊತೆಗಿರುವ, ಅಳತೆಗೆ ಕತ್ತರಿಸಿದ ರಟ್ಟನ್ನು ಫೋನಿನಲ್ಲಿ ಕಳಿಸಲು ಬರುವುದಿಲ್ಲವಲ್ಲ.

ರಟ್ಟು ನೋಡಿದ ಕೂಡಲೇ ನಿನಗೆ ಗೊತ್ತಾಗಿರಬೇಕು. ನನ್ನ ಸೈಕಲ್ಲಿಗೆ ಒಂದು ಫ್ರೇಮ್ ಚೀಲ ಹೊಲಿದುಕೊಡು. ಮೂರು ರಾಡುಗಳ ನಡುವಿನ ಜಾಗ ಪೂರ್ತಿ ತುಂಬುವಂಥದ್ದು. ಒಲೆ, ಡೇರೆಯ ಕೋಲು, ಒಂದಿಷ್ಟು ಊಟ ಹಿಡಿದರೆ ಸಾಕು. ಅಂಗಡಿಯ ಚೀಲಗಳು ಯಾವುವೂ ಕೂರುತ್ತಿಲ್ಲ. ಊರವರೆಲ್ಲರ ದೋಣಿಗೆ ಹೊದಿಕೆ ಹೊಲಿಯುವವಳು ಒಡಹುಟ್ಟಿದವಳೇ ಇರುವಾಗ ಅಂಗಡಿಗೆ ಯಾಕೆ ಹೋಗಲಿ?

ಒಂದೇ ಒಂದು ಬೇಡಿಕೆ. ರಟ್ಟು ಹೇಗಿದೆಯೋ ಹಾಗೇ ಹೊಲಿ. ಒಂದು ಕೂದಲೆಳೆ ಆಚೀಚೆ ಮಾಡಬೇಡ. ಮುಂದಿನ ಭಾಗ ಯಾವುದು, ಚೈನಿನ ಕಡೆ ಯಾವುದು, ಪಟ್ಟಿ ಎಲ್ಲೆಲ್ಲಿ ಬರಬೇಕು, ಎಲ್ಲ ಗುರುತು ಹಾಕಿದ್ದೇನೆ.

ಇನ್ನೂ ಒಂದಿದೆ, ಅದೇ ದೊಡ್ಡದು. ಜೂನ್‌ನಲ್ಲಿ ಬಾ. ಮಾರ್ಷಲ್ ಘಾಟಿ ಹತ್ತಿ ಆಚೆ ಸಾರ್ಜೆಂಟ್ಸ್ ಊರಿಗೆ ಇಳಿಯೋಣ. ಹಳೆಯ ರೈಲಿನ ದಾರಿ, ಏರು ಮೆಲ್ಲಗಿದೆ. ಆರು ವರ್ಷದ ಹಿಂದೆ ಮೊಂಟಾನಾದ ಸೈಕಲ್ ಪ್ರವಾಸದಲ್ಲಿ ನಿನ್ನನ್ನು ಅರ್ಧ ದಾರಿಯಲ್ಲಿ ಬಿಟ್ಟು ಯಾರದೋ ಪಿಕಪ್ ಹತ್ತಿ ಹೋದವಳು ನಾನು. ಸುಮ್ಮನೆ ಹೋಗಲಿಲ್ಲ. ದಿನಾ ಬೆಳಿಗ್ಗೆ ನಾನು ಏಳುವುದರೊಳಗೆ ನೀನು ನನ್ನ ಚೀಲಗಳನ್ನು ಬಿಚ್ಚಿ ನಿನ್ನ ರೀತಿಯಲ್ಲಿ ಕಟ್ಟಿಟ್ಟಿರುತ್ತಿದ್ದೆ. ನನ್ನ ಹಲ್ಲುಜ್ಜುವ ಬ್ರಶ್ಶು ನನಗೇ ಸಿಗುತ್ತಿರಲಿಲ್ಲ. ಇರಲಿ, ಅದೆಲ್ಲ ಆಗಿಹೋಯಿತು. ಇನ್ನೊಂದು ಸಲ ನಿನ್ನ ಜೊತೆ ಒಂದು ಘಾಟಿ ಹತ್ತಬೇಕು ಅನ್ನಿಸಿದೆ. ಈ ಜೂನ್‌ನಲ್ಲೇ. ಯಾಕೆ ಈಗಲೇ ಎಂದು ಕೇಳಬೇಡ, ಬಂದರೆ ಹೇಳುತ್ತೇನೆ.

ನಿನ್ನ ತಂಗಿ,
ಎಲ್ಸಿ


ಹೋಮರ್, ಅಲಾಸ್ಕಾ
೨೧ ಫೆಬ್ರವರಿ ೨೦೧೮

ನನ್ನ ಮುದ್ದು ಕತ್ತೆ ಎಲ್ಸಿ,

ಆರು ವರ್ಷಕ್ಕೆ ಒಂದು ಕಾಗದ, ಅದರಲ್ಲೂ ಹಲ್ಲುಜ್ಜುವ ಬ್ರಶ್ಶಿನ ದೂರು! ಆದರೂ ಎರಡು ಸಲ ಓದಿದೆ. ಎರಡು ಸಲ ಓದದೆ ಅರ್ಥವೂ ಆಗುವ ಹಾಗಿರಲಿಲ್ಲ ಬಿಡು. ನಿನ್ನ ಅಕ್ಷರ ಮೊದಲಿಂದಲೂ ಕಾಗೆ ಕಾಲು ಗುಬ್ಬಿ ಕಾಲು, ಈಗ ಕಾಗೆ ಕುಡಿದು ಬಂದ ಹಾಗಿದೆ.

ಇನ್ನು ನಿನ್ನ ರಟ್ಟು. ಮೇಜಿನ ಮೇಲೆ ಹಾಕಿ ನೋಡಿದವಳೇ ನಕ್ಕುಬಿಟ್ಟೆ. ಇದು ಸೈಕಲ್ಲೋ ಜಾರುಬಂಡೆಯೋ? ಮೇಲಿನ ರಾಡು ಸೀಟಿನ ಕಡೆಗೆ ಈ ಪಾಟಿ ಇಳಿಜಾರಾಗಿ ಬರಲು ಸಾಧ್ಯವೇ? ನೀನು ರಟ್ಟನ್ನು ಸೊಟ್ಟಗೆ ಹಿಡಿದು ಗೆರೆ ಎಳೆದಿದ್ದೀಯ. ಸಾಲದ್ದಕ್ಕೆ ಒಂದು ಕಡೆ ಚಾಕು ಬೇರೆ ಜಾರಿದೆ. ಚಿಕ್ಕವಳಿದ್ದಾಗ ಶಾಲೆಗೆ ಕಾಗದದ ನಕ್ಷತ್ರ ಕತ್ತರಿಸಿದರೂ ನಾನೇ ತಿದ್ದಿಕೊಡಬೇಕಿತ್ತು, ನೆನಪಿದೆಯೇ?

ಹೆದರಬೇಡ. ಡುಲೂತ್‌ನ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಅಳತೆಯ ಎರಡು ಹಸಿರು ಸೈಕಲ್ ಕೊಂಡವರಲ್ಲವೇ ನಾವು? 'ಇದನ್ನ ನನ್ನ ಹೆಣದ ಜೊತೇನೇ ಹೂಳಿ' ಎಂದವಳು ನೀನೇ. ನನ್ನದು ಶೆಡ್ಡಿನಲ್ಲಿ ನೇತಾಡುತ್ತಿದೆ. ಅದನ್ನು ಇಳಿಸಿ, ಒಳಗೆ ಹೊಸ ರಟ್ಟು ಹಿಡಿದು, ಸರಿಯಾದ ಅಚ್ಚು ತೆಗೆದು ಹೊಲಿದಿದ್ದೇನೆ. ದೋಣಿಯ ಹಾಯಿಪಟದ ಬಟ್ಟೆ, ನೀರು ಕುಡಿಯುವುದಿಲ್ಲ. ಎರಡೂ ಕಡೆ ಜಿಪ್ಪು. ಜಿಪ್ಪಿನ ಮೇಲೆ ಮಳೆ ಬೀಳದಂತೆ ಮಡಿಕೆ. ಮೂಲೆಗಳಿಗೆ ಎರಡು ಸುತ್ತು ಹೊಲಿಗೆ. ನನ್ನ ಸೈಕಲ್ಲಿಗೆ ಕಟ್ಟಿ ನೋಡಿದೆ, ಕೈಗವಸು ತೊಟ್ಟ ಹಾಗೆ ಕೂತಿತು. ಸೋಮವಾರ ಅಂಚೆಗೆ ಹಾಕುತ್ತೇನೆ.

ಜೂನ್‌ಗೆ ನೋಡೋಣ. ಬರಬೇಕೆಂದೇ ಇದ್ದೇನೆ.

ನಿನ್ನ ಅಕ್ಕ,
ಥೋರಾ


ಸಲೈಡಾ
೧೭ ಮಾರ್ಚ್ ೨೦೧೮

ಥೋರಕ್ಕ,

ಚೀಲ ಬಂತು. ಹೊಲಿಗೆ ಬಹಳ ಚೆನ್ನಾಗಿದೆ. ಪಕ್ಕದ ಮನೆಯ ಒಫೀಲಿಯಾ, ಅವಳೂ ಹೊಲಿಯುವವಳೇ, ಒಳಗಿನ ಅಂಚನ್ನೆಲ್ಲ ಹೊರಳಿಸಿ ಹೊರಳಿಸಿ ನೋಡಿ, "ಇದನ್ನ ಹೊಲ್ದೋಳು ದಾರದಲ್ಲಿ ಹೊಲಿದಳೋ, ಹಟದಲ್ಲಿ ಹೊಲಿದಳೋ?" ಎಂದಳು.

ನಿನ್ನ ಸೈಕಲ್ಲಿಗೆ ಅಷ್ಟು ಚೆನ್ನಾಗಿ ಕೂತದ್ದು ಸಂತೋಷ.

ಜೂನ್‌ನ ಯಾವ ವಾರ ಬರುತ್ತೀಯ? ಮೇಲಿನ ಹಿಮ ಎರಡನೇ ವಾರಕ್ಕೆ ಕರಗುತ್ತದೆ ಅನ್ನುತ್ತಾರೆ. ಬೇಗ ತಿಳಿಸು.

ಎಲ್ಸಿ


ಹೋಮರ್
೧೧ ಏಪ್ರಿಲ್ ೨೦೧೮

ಎಲ್ಸಿ,

ಇದೇನೇ ಇದು, ಇಷ್ಟೇ ಇಷ್ಟು ಬರೆದಿದ್ದೀಯ? ಆ ಮೂಲೆಗಳಿಗಾಗಿ ಎಷ್ಟು ಸೂಜಿ ಮುರಿದುಕೊಂಡೆ ಗೊತ್ತೇ? ಸೈಕಲ್ಲಿಗೆ ಕಟ್ಟಿ ಒಂದು ಫೋಟೋ ತೆಗೆದು ಕಳಿಸಬಾರದಿತ್ತೇ? ಅಂಗಡಿಯ ಗೋಡೆಗೆ ಅಂಟಿಸಲು ಜಾಗ ಬೇರೆ ಮಾಡಿಟ್ಟಿದ್ದೆ.

ಈಗ ನೀನು ಮುಖ ಊದಿಸಿಕೊಳ್ಳುವ ವಿಷಯ. ಜೂನ್‌ನಲ್ಲಿ ಬರಲು ಆಗುತ್ತಿಲ್ಲ. ದೋಣಿಗಳು ನೀರಿಗಿಳಿಯುವ ಕಾಲ. ಹ್ಯಾಲಿಬಟ್ ಮೀನು ಹಿಡಿಯಲು ಗಿರಾಕಿಗಳನ್ನು ಕಡಲಿಗೆ ಕರೆದೊಯ್ಯುವ ಗಸ್ ಗೊತ್ತಲ್ಲ, ಅವನ ದೊಡ್ಡ ದೋಣಿಗೆ ಪೂರ್ತಿ ಹೊಸ ಹೊದಿಕೆ ಒಪ್ಪಿಕೊಂಡಿದ್ದೇನೆ. ನಿನ್ನೆ ಬಂದು ಬಾಗಿಲಲ್ಲೇ ನಿಂತು, "ಏನಮ್ಮಾ ಥೋರಾ, ಈ ಸಲಾನಾದ್ರೂ ಹೊಲೀತೀಯೋ, ಇಲ್ಲಾ ನನ್ನ ದೋಣಿ ಗೋಣಿಚೀಲ ಹೊದ್ಕೊಂಡು ಹೋಗ್ಬೇಕೋ?" ಎಂದ. ಹಳೆಯ ಗಿರಾಕಿ, ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಮುಂದಿನ ವರ್ಷ ಖಂಡಿತ. ಘಾಟಿ ಎಲ್ಲಿಗೂ ಓಡಿಹೋಗುವುದಿಲ್ಲ. ನೀನೂ ಅಷ್ಟರಲ್ಲಿ ಸ್ವಲ್ಪ ಅಭ್ಯಾಸ ಮಾಡಿಕೊ, ಏರಿನಲ್ಲಿ ನಿನಗಾಗಿ ಕಾದು ಕಾದು ನನಗೆ ಚಳಿ ಹಿಡಿಯುವುದು ತಪ್ಪುತ್ತದೆ.

ಫೋಟೋ ಮರೆಯಬೇಡ.

ಥೋರಾ


ಸಲೈಡಾ
೩೦ ಏಪ್ರಿಲ್ ೨೦೧೮

ಅಕ್ಕ,

ಸರಿ. ಗಸ್‌ನ ದೋಣಿ ನೆನೆಯದಿರಲಿ.

ಬರೆಯಬೇಕೆಂದಿದ್ದ ಇನ್ನೊಂದು ವಿಷಯವಿತ್ತು. ಶುರು ಮಾಡಿ ಎರಡು ಹಾಳೆ ಹರಿದೆ. ಬಿಡು, ಈಗ ಬರೆದರೆ ನಿನ್ನನ್ನು ಬಲವಂತವಾಗಿ ಎಳೆದು ತಂದ ಹಾಗಾಗುತ್ತದೆ. ನೀನಾಗಿಯೇ ಬರಬೇಕು ಎಂದಿತ್ತು.

ಎಲ್ಸಿ


ಹೋಮರ್
೨೪ ಮೇ ೨೦೧೮

ಎಲ್ಸಿ,

ಇನ್ನೊಂದು ವಿಷಯ ಎಂದರೆ ಏನು, ಮತ್ತೆ ಯಾವನಾದರೂ ಸಿಕ್ಕನೇ? ಸಿಕ್ಕಿದ್ದರೆ ಈ ಸಲವಾದರೂ ಅಡುಗೆ ಬರುವವನನ್ನು ನೋಡಿಕೊ.

ಉಸಿರಾಡಲು ಪುರುಸೊತ್ತಿಲ್ಲ. ಇದರ ಜೊತೆ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನು ಕಳಿಸಿದ್ದೇನೆ, ಇನ್ನೊಂದು ಜೊತೆ ವೆಲ್ಕ್ರೋ ಪಟ್ಟಿಯೂ ಇದೆ. ನೀನು ಪಟ್ಟಿಗಳನ್ನು ಹೇಗೆ ಬಿಗಿಯುತ್ತೀಯೆಂದು ನನಗೆ ಗೊತ್ತಿಲ್ಲವೇ? ಮೊದಲು ಮೇಲಿನದ್ದು, ಆಮೇಲೆ ಮುಂದಿನದ್ದು, ಕೊನೆಗೆ ಸೀಟಿನ ಕಡೆಯದ್ದು. ಹೇಳಿದ ಹಾಗೆ ಮಾಡು, ಚೀಲ ಅಲುಗಾಡುವುದಿಲ್ಲ.

ಫೋಟೋ ಎಲ್ಲಿ?

ಥೋರಾ


ಸಲೈಡಾ
೯ ಜುಲೈ ೨೦೧೮

ಥೋರಕ್ಕ,

ಫೋಟೋ ಕೇಳಿದ್ದೆಯಲ್ಲ. ಕಳಿಸಿದ್ದೇನೆ. ಮೊದಲು ಅದನ್ನು ನೋಡು, ಆಮೇಲೆ ಮುಂದೆ ಓದು.

ಹಸಿರು ಸೈಕಲ್ ಅಲ್ಲ, ಹಳದಿ. ಮೇಲಿನ ರಾಡು ನಿಜವಾಗಿಯೂ ಜಾರುಬಂಡೆಯ ಹಾಗೇ ಇದೆ. ಅದು ಹಾಗಿರುವುದರಿಂದಲೇ ಕೊಂಡದ್ದು. ಕಳೆದ ಶರತ್ಕಾಲದಿಂದ ನನ್ನ ಕಾಲು ಹಸಿರು ಸೈಕಲ್ಲಿನ ರಾಡು ದಾಟುತ್ತಿಲ್ಲ. ನರಗಳ ಕಾಯಿಲೆ, ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಕೈ ನಡುಗುತ್ತದೆ. ಕಾಲು ಮರದ ತುಂಡಾಗುತ್ತದೆ. "ಮೊದಲು ಹೋಗೋದು ಸಮತೋಲ. ಈ ಬೇಸಿಗೆ ಸೈಕಲ್ ತುಳೀಬಹುದು, ಮುಂದಿನದಕ್ಕೆ ನಾನು ಮಾತು ಕೊಡಲ್ಲ" ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಅದಕ್ಕೇ ಈ ಜೂನ್ ಎಂದದ್ದು.

ಹೇಳಬಹುದಿತ್ತು ಅನ್ನುತ್ತೀಯ. ಹೌದು. ಆದರೆ ಹೇಳಿದ್ದರೆ ನೀನು ಮಾರನೆಯ ದಿನವೇ ಬಂದಿಳಿದು ನನ್ನ ಮಾತ್ರೆ ಡಬ್ಬಿಯಿಂದ ಹಿಡಿದು ಮಂಚದ ಜಾಗದವರೆಗೆ ಎಲ್ಲವನ್ನೂ ಬದಲಾಯಿಸುತ್ತಿದ್ದೆ. ಕಾಯಿಲೆಯವಳನ್ನು ನೋಡಲು ಬಾ ಎಂದು ನಾನು ಕರೆಯಲಿಲ್ಲ. ಸೈಕಲ್ ತುಳಿಯಲು ಬಾ ಎಂದೆ.

ಆ ರಟ್ಟು ಕತ್ತರಿಸಲು ಒಂದಿಡೀ ಭಾನುವಾರ ಹಿಡಿಯಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಗೆರೆ ಎಳೆದೆ. ಚಾಕು ಜಾರಿದ್ದು ಒಂದೇ ಸಲ. ಮುಗಿಸಿದಾಗ ಎಷ್ಟು ಹೆಮ್ಮೆಪಟ್ಟಿದ್ದೆ ಎಂದರೆ ಒಫೀಲಿಯಾಳನ್ನು ಕೂಗಿ ಕರೆದು ತೋರಿಸಿದ್ದೆ. ನೀನು ಅದನ್ನು ನೋಡಿ ನಕ್ಕೆ. ನಕ್ಕದ್ದಕ್ಕೆ ಬೇಜಾರಿಲ್ಲ, ಅದು ನಗುವ ಹಾಗೇ ಇತ್ತು. 'ಈ ರಟ್ಟು ಯಾಕೇ ಹೀಗಿದೆ?' ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಹೇಳುತ್ತಿದ್ದೆ ಅಂದುಕೊಂಡಿದ್ದೇನೆ.

ನಿನ್ನ ಚೀಲವನ್ನು ಕಟ್ಟಲು ನೋಡಿದೆ. ಅರ್ಧ ಒಳಗೆ, ಅರ್ಧ ರಾಡಿನ ಮೇಲೆ, ಮಂಡಿಗೆ ಉಜ್ಜುತ್ತಿತ್ತು. ಈಗ ಅಡುಗೆಮನೆಯಲ್ಲಿ ಮೊಳೆಗೆ ನೇತುಹಾಕಿ ಈರುಳ್ಳಿ ತುಂಬಿದ್ದೇನೆ. ಈರುಳ್ಳಿ ಕೆಡುವುದಿಲ್ಲ, ಅಷ್ಟು ಚೆನ್ನಾಗಿ ಹೊಲಿದಿದ್ದೀಯ.

ಆಮೇಲೆ ನಾನೇ ಹೊಲಿದೆ. ಮತ್ತೊಂದು ರಟ್ಟು ಕತ್ತರಿಸಿದೆ. ಹಳೆಯ ಟಾರ್ಪಾಲು, ಹರಿದ ಡೇರೆಯ ಜಿಪ್ಪು, ಒಫೀಲಿಯಾಳ ಮಿಷನ್ನು. ಕಾಲಿನಿಂದ ಒತ್ತಿದರೆ ಮಿಷನ್ನು ನನ್ನ ಕೈ ಮೀರಿ ಓಡುತ್ತಿತ್ತು. ಅದಕ್ಕೆ ಅವಳು ಪಕ್ಕದಲ್ಲಿ ಕೂತು ಚಕ್ರವನ್ನು ಕೈಯಲ್ಲಿ ತಿರುಗಿಸಿದಳು, ಒಂದೊಂದೇ ಹೊಲಿಗೆ. ನಾನು ಬಟ್ಟೆ ಹಿಡಿದೆ. "ಬಟ್ಟೆ ನಾನು ಹಿಡೀಲಾ?" ಎಂದು ಕೇಳಿದಳು. ಬೇಡ ಎಂದೆ. "ಸರಿ ಬಿಡು. ಬೆರಳು ಹೊಲ್ಕೊಂಡ್ರೆ ಮಾತ್ರ ನನ್ನ ಬಟ್ಟೆ ಮೇಲೆ ರಕ್ತ ಸುರಿಸ್ಬೇಡ" ಎಂದು ಮತ್ತೆ ಚಕ್ರ ತಿರುಗಿಸಿದಳು. ಹೊಲಿಗೆ ಹಾವು ಹರಿದ ಹಾಗಿದೆ. ಒಂದು ಕಡೆ ಜಿಪ್ಪು ತಲೆಕೆಳಗಾಗಿದೆ. ಆದರೆ ಚೀಲ ಸರಿಯಾಗಿ ಕೂತಿತು.

ಜೂನ್ ಕೊನೆಯಲ್ಲಿ ಒಬ್ಬಳೇ ಹೋದೆ. ಏರಿನಲ್ಲಿ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಮೇಲೆ ಮುಟ್ಟಿದಾಗ ಯಾರೂ ಇರಲಿಲ್ಲ. ಗಾಳಿ ಕಿತ್ತುಕೊಂಡು ಹೋಗುವ ಹಾಗಿತ್ತು. ಘಾಟಿಯ ಹೆಸರು ಬರೆದ ಫಲಕದ ಪಕ್ಕ ಕೂತು ನಿನ್ನ ಸಾಲ್ಮನ್ ತಿಂದೆ. ಚೆನ್ನಾಗಿತ್ತು. 'ಎಷ್ಟು ಹೊತ್ತೇ ನಿಂಗೆ?' ಎಂದು ಬೈಯಲು ನೀನು ಅಲ್ಲಿರಬೇಕಿತ್ತು. ಅಷ್ಟು ಸಿಟ್ಟಿನಲ್ಲೂ ಹಾಗನ್ನಿಸಿತು.

ವಾಪಸು ಬಂದ ಮೇಲೆ ನಮ್ಮ ಬೀದಿಯಲ್ಲೇ ಬಿದ್ದೆ. ಆಮೇಲೆ ಮತ್ತೆ ಬಿದ್ದೆ, ನಿಂತಲ್ಲೇ. ಡಾಕ್ಟರು ಇನ್ನು ಸಾಕು ಎಂದಿದ್ದಾರೆ.

ಎಲ್ಸಿ


ಹೋಮರ್
೨೬ ಜುಲೈ ೨೦೧೮

ಎಲ್ಸಿ, ನನ್ನ ಎಲ್ಸಿ,

ಫೋನ್ ಎತ್ತಿದೆ, ಇಟ್ಟೆ. ನನ್ನ ಬಾಯಿಂದ ಮೊದಲು ಬರುವುದು ಯಾವುದಾದರೂ ಸಲಹೆಯೇ ಎಂದು ನನಗೇ ಹೆದರಿಕೆಯಾಯಿತು.

ನಿನ್ನ ರಟ್ಟನ್ನು ಚೂರುಬಟ್ಟೆಯ ಬುಟ್ಟಿಯಿಂದ ಹುಡುಕಿ ತೆಗೆದೆ. ಫೆಬ್ರವರಿಯಲ್ಲಿ ಅದನ್ನು ಒಂದು ನಿಮಿಷವೂ ನೋಡಿರಲಿಲ್ಲ. ಪೆನ್ಸಿಲ್ ಗೆರೆಯ ಮೇಲೆ ಮತ್ತೆ ಮತ್ತೆ ಗೆರೆ ಎಳೆದಿದ್ದೀಯ. ಚಾಕುವಿನ ಸಣ್ಣ ಸಣ್ಣ ಕಚ್ಚುಗಳಿವೆ. ಮೂವತ್ತು ವರ್ಷದಿಂದ ಅಚ್ಚು ನೋಡಿ ಹೊಲಿಯುವವಳು ನಾನು. ಬೇರೆ ಯಾವ ಗಿರಾಕಿಯ ರಟ್ಟು ಹೀಗೆ ಬಂದಿದ್ದರೂ ಫೋನ್ ಮಾಡಿ ಕೇಳುತ್ತಿದ್ದೆ. ನಿನ್ನದೆಂದು ಕೇಳಲಿಲ್ಲ. ನಿನ್ನ ಕೈಯಲ್ಲಿ ಸರಿಯಾದದ್ದು ಬರುವುದೇ ಇಲ್ಲವೆಂದು ನನಗೆ ಮೊದಲೇ ಗೊತ್ತಿತ್ತು, ನೋಡು.

ನಿನ್ನೆ ಗಸ್ ಬಂದಿದ್ದ. "ಜೂನ್‌ನಲ್ಲಿ ನಾನು ಹದಿನೈದು ದಿನ ತಂಗಿ ಊರಿಗೆ ಹೋಗಿದ್ರೆ ನಿಂಗೆ ತುಂಬಾ ತೊಂದ್ರೆ ಆಗ್ತಿತ್ತಾ?" ಎಂದು ಕೇಳಿದೆ. "ಏನ್ ತೊಂದ್ರೆ? ಹಳೇದನ್ನೇ ಇನ್ನೆರಡು ವಾರ ಹೊದಿಸ್ಕೊಂಡಿರ್ತಿದ್ದೆ. ನೀನು ಕೇಳ್ಲೇ ಇಲ್ವಲ್ಲ ಮಾರಾಯ್ತಿ" ಎಂದ. ಅವನು ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ. ಒಂದು ಹೊದಿಕೆಗಾಗಿ ನಿನ್ನ ಜೂನ್ ಕಳೆದೆ ಎಲ್ಸಿ. ಅದನ್ನು ಬಿಚ್ಚಿ ಮತ್ತೆ ಹೊಲಿಯಲು ಬರುವುದಿಲ್ಲ.

ಇದರ ಜೊತೆ ಹೊಸ ಚೀಲ ಇದೆ. ನಿನ್ನ ರಟ್ಟಿನ ಮೇಲೇ ಕತ್ತರಿಸಿದ್ದು. ಕೂದಲೆಳೆ ಆಚೀಚೆ ಮಾಡಿಲ್ಲ. ಒಂದು ಕಡೆ ಚಾಕು ಜಾರಿತ್ತಲ್ಲ, ಆ ಸೊಟ್ಟವನ್ನೂ ಹಾಗೇ ಬಿಟ್ಟಿದ್ದೇನೆ. ಸೈಕಲ್ ತುಳಿಯಬೇಡ ಎಂದಿದ್ದಾರೆಂದು ಗೊತ್ತು. ಆದರೂ ಹೊಲಿದೆ. ನನಗೆ ಬೇರೇನು ಮಾಡಲು ಬರುತ್ತದೆ?

ಆಗಸ್ಟ್‌ನಲ್ಲಿ ಬರಲೇ? ನೀನು ಬೇಡ ಎಂದರೆ ಬರುವುದಿಲ್ಲ. ಟಿಕೆಟ್ ಇನ್ನೂ ತೆಗೆಸಿಲ್ಲ, ನಿನ್ನ ಉತ್ತರ ಬರಲಿ ಎಂದು ಕಾಯುತ್ತಿದ್ದೇನೆ. ಕಾಯಿಲೆಯ ಹೆಸರೇನು? ನೋವಿದೆಯೇ? ಊಟ ಯಾರು ಮಾಡಿಕೊಡುತ್ತಾರೆ?

ಥೋರಾ


ಸಲೈಡಾ
೧೨ ಆಗಸ್ಟ್ ೨೦೧೮

ಥೋರಾ ಅವರಿಗೆ,

ನಾನು ಒಫೀಲಿಯಾ ಬರೆಯುತ್ತಿದ್ದೇನೆ. ಎಲ್ಸಿಗೆ ಈ ವಾರ ಪೆನ್ನು ಹಿಡಿಯಲು ಆಗುತ್ತಿಲ್ಲ. "ನಾನು ಹೇಳಿದ್ದನ್ನ ಹೇಳಿದ ಹಾಗೇ ಬರಿ, ನಿನ್ನ ಮಸಾಲೆ ಸೇರಿಸ್ಬೇಡ" ಎಂದಿದ್ದಾಳೆ. ಇಲ್ಲಿಂದ ಮುಂದೆ ಅವಳ ಮಾತು.

ಅಕ್ಕಾ, ಚೀಲ ಬಂತು. ಆ ಸೊಟ್ಟಾನೂ ಹಾಗೇ ಹೊಲ್ದಿದೀಯಲ್ಲೇ! ಒಫೀಲಿಯಾ ನೋಡಿ ನಕ್ಕಿದ್ದೇ ನಕ್ಕಿದ್ದು. ಇದನ್ನ ಬರೀತಾ ಈಗ್ಲೂ ನಗ್ತಿದಾಳೆ.

ಗ್ಯಾರೇಜಲ್ಲಿ ಹಳದಿ ಸೈಕಲ್ಲಿಗೆ ಕಟ್ಟಿ ನೋಡ್ದೆ. ನೀನು ಹೇಳಿದ ಹಾಗೇ, ಮೊದ್ಲು ಮೇಲಿಂದು, ಆಮೇಲೆ ಮುಂದಿಂದು. ಪಟ್ಟಿ ಬಿಗಿಯೋಕೆ ಬಹಳ ಹೊತ್ತಾಯ್ತು, ಆದ್ರೆ ನಾನೇ ಬಿಗಿದೆ. ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ, ಸುತ್ತ ಒಂದು ಬೆರಳು ತೂರಲ್ಲ. ನಂಗೆ ಖುಷಿ ಆಯ್ತು. ಆಮೇಲೆ ಹೊಟ್ಟೆ ಉರೀತು. ಮಾರ್ಚಲ್ಲಿ ಇದು ಬಂದಿದ್ರೆ, ಇದರ ಜೊತೆ ನೀನೂ ಬಂದಿದ್ರೆ ಅಂತ.

ಸೈಕಲ್ಲನ್ನ ಒಫೀಲಿಯಾ ತಂಗೀಗೆ ಕೊಟ್ಟೆ. ನಿನ್ನ ಚೀಲ ಸಮೇತ ಕೊಟ್ಟೆ. ಇಲ್ಲಿ ಮೊಳೆಗೆ ನೇತುಹಾಕಿ ಅದಕ್ಕೂ ಈರುಳ್ಳಿ ತುಂಬೋಕೆ ಮನಸ್ಸು ಬರ್ಲಿಲ್ಲ. ಅವಳು ತಗೊಂಡು ಹೋಗೋವಾಗ ನಾನು ಕಿಟಕಿ ಹತ್ರ ಹೋಗ್ಲಿಲ್ಲ.

ಆಗಸ್ಟ್ ಬೇಡ, ಆಸ್ಪತ್ರೆ ಓಡಾಟ ಇದೆ. ಸೆಪ್ಟೆಂಬರ್‌ನಲ್ಲಿ ಬಾ. ಜೊತೇಲಿ ಘಾಟಿ ಹತ್ತೋದು ಮುಗೀತು ಅಕ್ಕಾ. ಅದಕ್ಕೆ ಅಳಬೇಡ ಅಂತ ಹೇಳಲ್ಲ, ನಾನೂ ಅತ್ತಿದೀನಿ. ನಂದೂ ತಪ್ಪಿದೆ, ಒಂದು ಸಾಲು ಬರೆದಿದ್ರೆ ನೀನು ಬರ್ತಿದ್ದೆ. ನಾವಿಬ್ರೂ ಸೇರಿ ಹಾಳು ಮಾಡಿದ್ವಿ. ಒಬ್ಬರೇ ಮಾಡಿದ್ರೆ ಬೈಯೋಕಾದ್ರೂ ಸುಲಭ ಇರ್ತಿತ್ತು.

ನೋವು ಅಷ್ಟಿಲ್ಲ. ಊಟ ಒಫೀಲಿಯಾ ತರ್ತಾಳೆ, ಖಾರ ಜಾಸ್ತಿ. ಕಾಯಿಲೆ ಹೆಸರು ಅವಳು ಬೇರೆ ಚೀಟೀಲಿ ಬರೆದಿಡ್ತಾಳೆ. ನೀನು ಇಷ್ಟೆಲ್ಲ ಕೇಳಿದ್ದು ಇದೇ ಮೊದಲ ಸಲ. ಆ ಕಾಗದಾನ ನಾಲ್ಕು ಸಲ ಓದಿಸ್ಕೊಂಡೆ.

ಬಂದಾಗ ಮನೇಲಿ ಏನು ಸೊಟ್ಟ ಕಂಡ್ರೂ ಕೈ ಹಾಕ್ಬೇಡ. ಮೊದ್ಲು ನನ್ನ ಕೇಳು.

ಅವಳ ಮಾತು ಇಲ್ಲಿಗೆ ಮುಗಿಯಿತು. ಸಹಿ ಮಾತ್ರ ತಾನೇ ಹಾಕುತ್ತೇನೆ ಎಂದು ಪೆನ್ನು ಕಿತ್ತುಕೊಂಡಳು. ಗೆರೆ ಬಿಟ್ಟು ಕೆಳಗೆ ಹೋಗಿದೆ, ಕೊನೆಯ ಅಕ್ಷರ ಓದಲು ಬರುವುದಿಲ್ಲ. ನಾನು ತಿದ್ದಿಲ್ಲ.

ಎಲ್ಸಿ